ಖಡ್ಗಪ್ರಿಯರ ಅಭಿರುಚಿ ಜಾರಿಗೆ ಬಂದ ಬಗೆ

ಸಿನಿಮಾ ಖಡ್ಗಗಳ ಪ್ರತಿಕೃತಿ ಸಂಗ್ರಾಹಕರ ಸಂಘದ ನಿಯಮಾವಳಿಯ ಪ್ರಕಾರ ಸದಸ್ಯರ ಅಭಿರುಚಿ ತನ್ನಷ್ಟಕ್ಕೆ ತಾನೇ ಬದಲಾಗುವಂತಿಲ್ಲ. ಅದು ಬದಲಾಗಬೇಕಾದರೆ ಅಭಿರುಚಿ ಉಪಸಮಿತಿ ಸಭೆ ಸೇರಬೇಕು, ಕೋರಂ ಇರಬೇಕು, ಠರಾವು ಪಾಸಾಗಬೇಕು, ಪಾಸಾದ ಠರಾವು ಸೂಚನಾ ಫಲಕದ ಮೇಲೆ ಏಳು ದಿನ ತೂಗಬೇಕು. ಎಂಟನೆಯ ದಿನ ಬೆಳಿಗ್ಗೆ ಹತ್ತೂವರೆಗೆ ಎಲ್ಲ ಸದಸ್ಯರಿಗೂ ಹೊಸ ಅಭಿರುಚಿ ಬಂದಿರತಕ್ಕದ್ದು. ಜ್ವರ, ಪ್ರವಾಸ ಮುಂತಾದ ಕಾರಣಗಳಿಂದ ಬರಿಸಿಕೊಳ್ಳಲಾಗದವರು ನಮೂನೆ ನಾಲ್ಕರಲ್ಲಿ ಹದಿನೈದು ದಿನಗಳ ರಿಯಾಯಿತಿ ಕೇಳಬಹುದು.

ಈ ನಿಯಮದ ಮೇಲೆ ತಕ್ಕಡಿ ಸಾಹೇಬರಿಗೆ ಅಪಾರ ಗೌರವ. ಮೂವತ್ತನಾಲ್ಕು ವರ್ಷ ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರಾಗಿ, ಅಂಗಡಿ ಅಂಗಡಿಯ ತಕ್ಕಡಿಗೆ ಮುದ್ರೆ ಒತ್ತಿ ನಿವೃತ್ತರಾದವರು. ಹೆಸರು ಹಾಗೇ ಅಂಟಿಕೊಂಡಿತು. ಅವರಲ್ಲಿದ್ದದ್ದು ಒಂದೇ ಖಡ್ಗ. ಮೂರು ಗಂಟೆಯ ಒಂದು ಚಿತ್ರದಲ್ಲಿ ಸೇನಾಪತಿಯಾದವನು ಕೋಟೆಯ ಮೆಟ್ಟಿಲ ಮೇಲೆ ನಿಂತು ಹನ್ನೊಂದು ಸೆಕೆಂಡು ಎತ್ತಿ ಹಿಡಿಯುತ್ತಾನಲ್ಲ, ಅದರ ಪ್ರತಿಕೃತಿ. ಎರಡನೆಯದನ್ನು ತರುವ ಮಾತೆತ್ತಿದಾಗ ಅವರ ಹೆಂಡತಿ, ಒಂದು ಮನೆಗೆ ಒಂದು ಕತ್ತಿ, ಒಂದು ನಾಲಿಗೆ ಸಾಕು, ನಾಲಿಗೆ ಆಗಲೇ ನನ್ನ ಹತ್ತಿರ ಇದೆ ಅಂದುಬಿಟ್ಟಿದ್ದರು.

ಸಾಹೇಬರ ಆಸೆಯೂ ಒಂದೇ. ಸಂಘದ ಹಜಾರದ ನಟ್ಟನಡುವೆ ಒಂದು ಗಾಜಿನ ಪೆಟ್ಟಿಗೆ ಇತ್ತು. ಒಳಗೆ ಕೆಂಪು ಮಖಮಲ್ಲು, ಮೇಲೊಂದು ದೀಪ, ಕೆಳಗೆ ಹಿತ್ತಾಳೆ ತಗಡಿನಲ್ಲಿ ಮಾಲೀಕರ ಹೆಸರು. ವರ್ಷಕ್ಕೆ ಒಬ್ಬರ ಖಡ್ಗಕ್ಕೆ ಮಾತ್ರ ಆ ಭಾಗ್ಯ. ಸಾಹೇಬರ ಖಡ್ಗಕ್ಕೆ ಅಲ್ಲಿಯವರೆಗೆ ಸಿಕ್ಕಿದ್ದು ಕೈತೊಳೆಯುವ ತೊಟ್ಟಿಯ ಪಕ್ಕದ ಮೊಳೆ. ಬಂದವರು ಅದಕ್ಕೆ ಟವೆಲು ನೇತುಹಾಕುತ್ತಿದ್ದರು.

ಅವರು ಮೊದಲ ಅರ್ಜಿ ಹಾಕಿದ ಕಾಲದಲ್ಲಿ ಹೊಳಪಿನ ಅಭಿರುಚಿ ಚಾಲ್ತಿಯಲ್ಲಿತ್ತು. ಖಡ್ಗವೆಂದರೆ ಕನ್ನಡಿಯಂತಿರಬೇಕು. ಸಾಹೇಬರು ಸಂಘದ ಹಿಂದಿನ ಬೀದಿಯ ಅಂಗಡಿಗೆ ಹೋಗಿ, ಅಲಗಿನಲ್ಲಿ ಮುಖ ನೋಡಿಕೊಂಡು ಕ್ಷೌರ ಮಾಡಿಕೊಳ್ಳುವಷ್ಟು ಹೊಳಪು ಹಾಕಿಸಿದರು. ಆ ಅಂಗಡಿ ಸಂಘದ ಅಧ್ಯಕ್ಷರ ಷಡ್ಡಕನದು. ಇದರಲ್ಲಿ ಅನುಮಾನಪಡುವಂಥದ್ದೇನೂ ಇಲ್ಲ; ಅಭಿರುಚಿಯುಳ್ಳವರ ಬಂಧುಗಳಿಗೂ ಅದರ ಗಾಳಿ ಸ್ವಲ್ಪ ತಾಗಿರುತ್ತದೆ. ಅರ್ಜಿ ಹತ್ತು ಮೇಜು ದಾಟಿ ಪರಿಶೀಲನೆಗೆ ಬರುವಷ್ಟರಲ್ಲಿ ಹೊಳಪು ರದ್ದಾಗಿ ತೂಕ ಜಾರಿಗೆ ಬಂದಿತ್ತು. ಮೂರು ಕಿಲೋಗೆ ಕಡಿಮೆಯಾದದ್ದು ಆಟಿಕೆ ಎಂದು ಪರಿಗಣಿಸಲಾಗುವುದು.

ತೂಕದ ವಿಷಯವಾದ್ದರಿಂದ ಸಾಹೇಬರು ಹುರುಪಿನಿಂದ ಅಲಗಿನೊಳಗೆ ಸೀಸ ಹುಯ್ಯಿಸಿದರು. ಎತ್ತಲು ಹೋಗಿ ಬಲಭುಜ ಉಳುಕಿತು. ಡಾಕ್ಟರ ಚೀಟಿಯನ್ನೂ ಅರ್ಜಿಗೆ ಲಗತ್ತಿಸಿದರು, ಉಳುಕೇ ತೂಕಕ್ಕೆ ಸಾಕ್ಷಿ ಎಂದು. ಭುಜ ವಾಸಿಯಾಗುವ ಮೊದಲೇ ಗಾಯದ ಅಭಿರುಚಿ ಬಂತು. ಯುದ್ಧ ಕಂಡ ಖಡ್ಗ ನುಣ್ಣಗಿರುವುದುಂಟೇ? ಚಿತ್ರದಲ್ಲಿ ಎಷ್ಟು ಕಚ್ಚುಗಳಿವೆಯೋ ಅಷ್ಟೇ ಕಚ್ಚು ಇರಬೇಕು. ಉಪಸಮಿತಿಯವರು ಆ ಹನ್ನೊಂದು ಸೆಕೆಂಡುಗಳನ್ನು ನಾಲ್ಕು ದಿನ ಕೂತು ನೋಡಿದರು. ಹದಿನಾಲ್ಕನೆಯದು ಕಚ್ಚೋ ಅಥವಾ ಪರದೆಯ ಮೇಲೆ ಕೂತ ನೊಣವೋ ಎಂಬುದರ ಮೇಲೆ ಮತ ಹಾಕಿದರು. ನೊಣ ಎರಡು ಮತಗಳಿಂದ ಸೋತಿತು. ಕನ್ನಡಿಯಂತಿದ್ದ ಅಲಗಿಗೆ ಸಾಹೇಬರು ಹದಿನೇಳು ಕಚ್ಚು ಹಾಕಿಸಿ, ಉಪ್ಪುನೀರಲ್ಲಿ ನೆನೆಸಿ ತುಕ್ಕು ಹಿಡಿಸಿದರು.

ಆಮೇಲೆ ಬಂದದ್ದು ಸತ್ಯದ ಅಭಿರುಚಿ. ಚಿತ್ರೀಕರಣದಲ್ಲಿ ನಟ ಹಿಡಿದದ್ದು ರಬ್ಬರಿನ ಖಡ್ಗ. ಆದ್ದರಿಂದ ರಬ್ಬರೇ ಅಸಲಿ, ಉಕ್ಕು ನಕಲಿ. ಸಾಹೇಬರು ಅಲಗು ಕೀಳಿಸಿ ಅದೇ ಹಿಡಿಗೆ ರಬ್ಬರು ಹಾಕಿಸಿದರು. ಬಿಸಿಲಿಗೆ ಅದು ಬಾಡಿದ ಸೊಪ್ಪಿನಂತೆ ಬಗ್ಗಿತು. ಅರ್ಜಿ ಏಳನೆಯ ಮೇಜಿನಲ್ಲಿದ್ದಾಗ ಹೊಸ ಸಂಶೋಧನೆ ಬಂತು: ನಟನ ಕೈಯಲ್ಲಿದ್ದದ್ದು ಬರೀ ಹಿಡಿ, ಅಲಗನ್ನು ಕಂಪ್ಯೂಟರಿನಲ್ಲಿ ಸೇರಿಸಿದ್ದು. ರಬ್ಬರೂ ಹೋಯಿತು.

ನಾಲ್ಕು ವರ್ಷದಲ್ಲಿ ನಾಲ್ಕು ಅರ್ಜಿ ಹೀಗೆ ವಜಾ ಆದವು. ನಾಲ್ಕನೆಯ ಹಿಂಬರಹದ ಕೊನೆಗೆ ಕೆಂಪು ಶಾಯಿಯಲ್ಲಿ ಒಂದು ಸಾಲು ಹೆಚ್ಚಿತ್ತು: ಐದನೆಯದೂ ವಜಾ ಆದಲ್ಲಿ ಅರ್ಜಿದಾರರನ್ನು ಅಭಿರುಚಿಹೀನರೆಂದು ಘೋಷಿಸಿ ಸದಸ್ಯತ್ವ ರದ್ದುಪಡಿಸಲಾಗುವುದು.

ಸಾಹೇಬರು ಕಾಗದ ಪೆನ್ಸಿಲು ಹಿಡಿದು ಕೂತರು. ಅರ್ಜಿಯ ವಿಲೇವಾರಿಗೆ ಹನ್ನೊಂದು ತಿಂಗಳು. ಅಭಿರುಚಿಯ ಆಯುಸ್ಸು ಹತ್ತು ತಿಂಗಳು. ಆ ಒಂದು ತಿಂಗಳೇ ತನ್ನ ಕತ್ತು ಕೊಯ್ಯುತ್ತಿರುವುದು ಎಂದು ಹೊಳೆಯಿತು. ಇಷ್ಟು ವರ್ಷ ಜಾರಿಯಲ್ಲಿರುವ ಅಭಿರುಚಿಗೆ ಅರ್ಜಿ ಹಾಕಿದ್ದೇ ತಪ್ಪು. ಹಾಕಬೇಕಾದದ್ದು ಬರಲಿರುವ ಅಭಿರುಚಿಗೆ. ಬರಲಿರುವುದು ಯಾವುದೆಂದು ತಿಳಿಯುವುದು ಹೇಗೆ? ಅದಕ್ಕೂ ನೆನಪು ನೆರವಿಗೆ ಬಂತು. ಸೀಸ ಹುಯ್ಯಿಸಲು ಹೋದಾಗ ಷಡ್ಡಕನ ಗೋದಾಮಿನಲ್ಲಿ ತುಕ್ಕು ಹಿಡಿದ ಖಡ್ಗಗಳ ರಾಶಿ ಕಂಡಿತ್ತು. ಕಚ್ಚು ಹಾಕಿಸಲು ಹೋದಾಗ ರಬ್ಬರಿನ ವಾಸನೆ. ರಬ್ಬರು ಹಾಕಿಸಲು ಹೋದಾಗ ಅಲಗಿಲ್ಲದ ಹಿಡಿಗಳ ಮೂಟೆ.

ಮರುದಿನ ಹಿಡಿಗೆ ಎಣ್ಣೆ ಹಾಕಿಸುವ ನೆಪದಲ್ಲಿ ಹೋಗಿ ಗೋದಾಮಿಗೆ ಇಣುಕಿದರು. ಕಂಡದ್ದು ಗುಡಿಸಿದ ನೆಲ, ಮೂಲೆಯಲ್ಲೊಂದು ಪೊರಕೆ. ಮಾಲು ಕಳಿಸುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿದೆಯಂತೆ.

ಸಾಹೇಬರು ಮನೆಗೆ ಬಂದು ನಮೂನೆ ತುಂಬಿದರು. ಖಡ್ಗದ ಉದ್ದ: ಸೊನ್ನೆ. ತೂಕ: ಸೊನ್ನೆ. ಲೋಹ: ಅನ್ವಯಿಸುವುದಿಲ್ಲ. ಸುಳ್ಳು ಬರೆದು ಅಭ್ಯಾಸವಿಲ್ಲದ ಮನುಷ್ಯ. ಖಡ್ಗ ಇಲ್ಲವೆಂದು ಬರೆದ ಮೇಲೆ ಇರಬಾರದಲ್ಲ. ಉಳಿದಿದ್ದ ಹಿಡಿಯನ್ನು ಮಡಿಲಲ್ಲಿಟ್ಟುಕೊಂಡು ಮಧ್ಯಾಹ್ನವೆಲ್ಲ ಕೂತಿದ್ದರು.

“ರೀ, ಬೇಜಾರಾಗ್ತಿದೆಯಾ?” ಅಂದರು ಹೆಂಡತಿ.

“ಬೇಜಾರಿಗೆ ಯಾವ ನಮೂನೆ ಇದೆ ಅಂತ ನೋಡ್ತಿದ್ದೀನಿ ಕಣೇ.”

ಆಕೆ ಹಿಡಿಯನ್ನು ಇಸಿದುಕೊಂಡು ಹೋಗಿ, ಬಹಳ ದಿನದಿಂದ ಹಿಡಿಕೆಯಿಲ್ಲದಿದ್ದ ಅಡುಗೆಮನೆಯ ಬಾಗಿಲಿಗೆ ಹಾಕಿಸಿದರು. ಚೆನ್ನಾಗಿ ಹೊಂದಿತು.

ಹತ್ತನೆಯ ತಿಂಗಳ ಕೊನೆಗೆ ಸೂಚನಾ ಫಲಕದ ಮೇಲೆ ಪ್ರಕಟಣೆ ತೂಗಿತು. “ಚಿತ್ರೀಕರಣದ ವೇಳೆ ನಟನ ಕೈಯಲ್ಲಿ ಹಿಡಿಯೂ ಇರಲಿಲ್ಲವೆಂದು ಖಚಿತ ಮೂಲಗಳಿಂದ ತಿಳಿದುಬಂದಿರುವುದರಿಂದ, ಇನ್ನು ಮುಂದೆ ಕೈಗೆ ಸಿಗುವಂಥ ಯಾವುದೇ ಖಡ್ಗವನ್ನು ಕೀಳು ಅಭಿರುಚಿಯೆಂದು ಪರಿಗಣಿಸಲಾಗುವುದು. ಅಸಲಿ ಶೂನ್ಯ ಖಡ್ಗಗಳು ಹಿಂದಿನ ಬೀದಿಯ ಅಂಗಡಿಯಲ್ಲಿ ಪ್ರಮಾಣಪತ್ರ ಸಹಿತ ದೊರೆಯುತ್ತವೆ. ಗಿರಾಕಿಗಳು ಚೀಲ ತರತಕ್ಕದ್ದು. ಮಾರಿದ ಮಾಲನ್ನು ಹಿಂತೆಗೆದುಕೊಳ್ಳಲಾಗುವುದಿಲ್ಲ.”

ಎಂಟನೆಯ ದಿನ ಹತ್ತೂವರೆಗೆ ಎಲ್ಲರಿಗೂ ಅಭಿರುಚಿ ಬಂತು. ಅಂಗಡಿಯ ಮುಂದೆ ಸಾಲು ಬೀದಿಯ ತಿರುವು ದಾಟಿತು. ಕೊಂಡವರು ಚೀಲವನ್ನು ಎದೆಗವಚಿಕೊಂಡು ಜೋಪಾನವಾಗಿ ನಡೆದರು. ಒಬ್ಬರದು ಮಾತ್ರ ದಾರಿಯಲ್ಲೇ ಬಿದ್ದುಹೋಗಿ, ಹಿಂದೆ ಬಂದವರ ಜೊತೆ ದೊಡ್ಡ ಜಗಳವಾಯಿತು.

ಅಷ್ಟರಲ್ಲಿ ಸಾಹೇಬರ ಅರ್ಜಿ ಹತ್ತನೆಯ ಮೇಜು ದಾಟಿತ್ತು. ಪರಿಶೀಲನೆಯ ದಿನ ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು, ಎದುರಿನ ಖಾಲಿ ಮೇಜನ್ನು ಎರಡೂ ಪಕ್ಕದಿಂದ ನೋಡಿದರು. ಅಂಗಡಿಯ ಪ್ರಮಾಣಪತ್ರ ಎಲ್ಲಿ ಎಂದು ಕೇಳಿದರು. ಇದು ಮಾರಾಟಕ್ಕೆ ಬರುವುದಕ್ಕಿಂತ ಹತ್ತು ತಿಂಗಳು ಹಳೆಯದು, ಅರ್ಜಿಯ ಮೇಲೆ ನಿಮ್ಮದೇ ಕಚೇರಿಯ ಮೊಹರಿದೆ ಎಂದು ಸಾಹೇಬರು ತೋರಿಸಿದರು. ಉಪಸಮಿತಿಯಲ್ಲಿ ಗುಸುಗುಸು ಎದ್ದಿತು. ಇಷ್ಟು ಹಳೆಯ ಶೂನ್ಯ ಖಡ್ಗವನ್ನು ಅವರಲ್ಲಿ ಯಾರೂ ಕಂಡಿರಲಿಲ್ಲ.

“ತೂಕ ಸೊನ್ನೆ ಅಂತ ಬರೆದಿದ್ದೀರಿ. ತೂಗಿದ್ದೀರಾ?” ಅಂದರು ಅಧ್ಯಕ್ಷರು.

“ಮೂರು ಸಲ ತೂಗಿದೀನಿ ಸ್ವಾಮಿ. ಒಂದು ಸಲವೂ ಹೆಚ್ಚುಕಡಿಮೆ ಬರಲಿಲ್ಲ.”

ಅರ್ಜಿ ಸರ್ವಾನುಮತದಿಂದ ಮಂಜೂರಾಯಿತು.

ಪ್ರದರ್ಶನದ ಬೆಳಿಗ್ಗೆ ಹಜಾರ ಕಿಕ್ಕಿರಿದಿತ್ತು. ನಡುವಿನ ಗಾಜಿನ ಪೆಟ್ಟಿಗೆಯ ದೀಪ ಉರಿಯುತ್ತಿತ್ತು, ಕೆಳಗೆ ಹಿತ್ತಾಳೆಯ ಮೇಲೆ ಸಾಹೇಬರ ಹೆಸರು. ಜನ ಬಂದು ಬಗ್ಗಿ ನೋಡಿ, ಈಗಿನವರಿಗೆ ಇಂಥ ಕೆಲಸ ಎಲ್ಲಿ ಬರುತ್ತೆ ಎಂದು ತಲೆದೂಗಿ ಮುಂದೆ ಹೋಗುತ್ತಿದ್ದರು. ಸಾಹೇಬರು ಪಕ್ಕದಲ್ಲಿ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ನಿಂತಿದ್ದರು. ಅವರಿಗೆ ಭಯವಿದ್ದದ್ದು ಒಬ್ಬರದೇ. ಆ ಒಬ್ಬರು ಹನ್ನೊಂದು ಗಂಟೆಗೆ ಒಳಗೆ ಬಂದು, ಗಾಜಿನ ಮುಂದೆ ನಿಂತು, ಸೆರಗಿನಿಂದ ಗಾಜಿನ ಮೇಲಿನ ಬೆರಳ ಗುರುತು ಒರಸಿ, ಬಹಳ ಹೊತ್ತು ನೋಡಿದರು.

“ಸ್ವಲ್ಪ ಎಡಕ್ಕೆ ವಾಲಿದೆ, ನೋಡಿ,” ಅಂದರು ಹೆಂಡತಿ.

ಸಾಹೇಬರು ಬಗ್ಗಿ ನೋಡಿದರು. ಹೌದು, ವಾಲಿತ್ತು. ಕಾವಲುಗಾರನನ್ನು ಕರೆದರು, ಮೂವರು ಪದಾಧಿಕಾರಿಗಳ ಸಹಿಯಾಗಿ ಬೀಗ ತೆರೆಯಿತು. ಸಾಹೇಬರು ಎರಡೂ ಕೈ ಒಳಗೆ ಹಾಕಿ, ಮಖಮಲ್ಲಿಗೆ ತಾಗದಂತೆ, ಮೆಲ್ಲಗೆ ಸರಿಪಡಿಸಿದರು.

“ಹಾಂ, ಈಗ ಸರಿಯಾಯ್ತು,” ಅಂದರು ಆಕೆ. ಹಿಂದೆ ಸಾಲಿನಲ್ಲಿ ನಿಂತವರೂ ಹೌದೆಂದರು.