ಮೂಕಿಯ ಮೇಲಿನ ಭಾರ

ಎಳೆದೊಯ್ಯುವ ಗಾಡಿಯಲ್ಲಿ ಭಾರವನ್ನು ಹೇಗೆ ಹಂಚಬೇಕು ಎಂಬ ವಿಷಯದಲ್ಲಿ ನಮ್ಮ ಓಣಿಯಲ್ಲಿ ನನ್ನಷ್ಟು ತಿಳಿದವರು ಯಾರೂ ಇರಲಿಲ್ಲ. ಇದು ಜಂಬದ ಮಾತಲ್ಲ. ಓಣಿಯಲ್ಲಿ ಬೇರೆ ಯಾರೂ ಆ ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ, ಅಷ್ಟೆ. ನಾನು ವಿಜಯಪುರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಆದ್ದರಿಂದ ಅಪ್ಪನ ಗಾಲಿಮನೆಯನ್ನು ಬಾಬಲೇಶ್ವರದಿಂದ ಹೊನವಾಡದವರೆಗೆ ಎಳೆದೊಯ್ಯುವ ಪ್ರಸಂಗ ಬಂದಾಗ ಅದರ ವೈಜ್ಞಾನಿಕ ಹೊಣೆಯನ್ನು ನಾನೇ ವಹಿಸಿಕೊಂಡೆ. ಯಾರೂ ನನಗೆ ವಹಿಸಿರಲಿಲ್ಲ!

ಗಾಲಿಮನೆ ಹುಟ್ಟಿದ್ದು ಅವ್ವನ ಒಂದು ಮಾತಿನಿಂದ. ಮದುವೆಯಾಗಿ ಬಂದ ಮೇಲೆ ಅವ್ವ ಹೊರಗೆಲ್ಲೂ ಒಂದು ರಾತ್ರಿ ಉಳಿದವಳಲ್ಲ. ಮಂದಿಯ ಮನೆಯ ಬಚ್ಚಲು ಆಕೆಗೆ ಆಗುವುದಿಲ್ಲ, ಮಂದಿಯ ಒಲೆಯ ಚಹಾ ಸೇರುವುದಿಲ್ಲ. ಊರು ನೋಡೋಣ ಬಾ ಎಂದು ಅಪ್ಪ ಕರೆದಾಗಲೆಲ್ಲ, "ನನ್ನ ಮನೀಗೇ ಗಾಲಿ ಹಚ್ಚಸ್ರಿ, ಬರ್ತೀನಿ" ಅನ್ನುತ್ತಿದ್ದಳು. ಅಪ್ಪ ಸಾಲಿ ಮಾಸ್ತರನಾಗಿದ್ದ. ನಿವೃತ್ತಿಯಾದದ್ದೇ ತಡ, ಗಾಲಿ ಹಚ್ಚಿಸಿಯೇಬಿಟ್ಟ!

ಲಾರಿಗಳಿಗೆ ಬಾಡಿ ಕಟ್ಟುವವರ ಕಡೆಯಿಂದ ಮಾಡಿಸಿದ ಎರಡು ಗಾಲಿಯ ತಗಡಿನ ಮನೆ ಅದು. ಹಿಂದೆ ಬಾಗಿಲು, ಬಾಗಿಲ ಹತ್ತಿರ ಒಲೆ, ಬಚ್ಚಲು, ಅವ್ವನಿಗೊಂದು ಮಂಚ. ಎಲ್ಲಕ್ಕಿಂತ ಮುಂದೆ, ಕಿಟಕಿಯ ಕೆಳಗೆ, ಅಪ್ಪನ ಹಾಸಿಗೆ. ಅದರ ಅಳತೆ ಕೊಡಲು ಅಪ್ಪ ಬಾಡಿ ಕಟ್ಟುವವರ ಅಂಗಳದಲ್ಲಿ ನೆಲದ ಮೇಲೆ ಉದ್ದಕ್ಕೆ ಮಲಗಿದ. ಟೇಪು ಹಿಡಿದವಳು ನಾನು.

"ನೆಟ್ಟಗ ಹಿಡಿಯವಾ. ಕಾಲ ಮಡಚಿ ಮಲಗೂದು ಬಸ್ಸಿನಾಗ ಸಾಕಾಗೇತಿ."

ಬಣ್ಣ ಒಣಗುವ ಮೊದಲೇ ಅಪ್ಪ ಹೋದ. ಎದೆ ಹಿಡಿದುಕೊಂಡ ಅಂದರು, ಅಷ್ಟೇ. ಗಾಲಿಮನೆ ಆಮೇಲೆ ಬಂದು ಅಂಗಳದ ಬೇವಿನ ಮರದ ಕೆಳಗೆ ನಿಂತಿತು. ಅವ್ವ ಬೆಳಿಗ್ಗೆ ಎದ್ದು ಮೊದಲು ಅದರ ಕಸ ಗುಡಿಸುತ್ತಿದ್ದಳು, ಆಮೇಲೆ ನಮ್ಮ ಮನೆಯದು. ಗೇಟು ಮಾತ್ರ ದಾಟಲಿಲ್ಲ. ವರ್ಷವಾದರೂ ದಾಟಲಿಲ್ಲ.

ಹೀಗಿರುವಾಗ ಹೊನವಾಡದ ಮಾಮಾ ಹೊಸ ಮನೆ ಕಟ್ಟಿಸಿ, ಮನೆ ತುಂಬಿಸಲು ಬಾ ಎಂದು ಅವ್ವನನ್ನು ಕರೆಯಲು ಬಂದ. ಅವ್ವ "ಬರ್ತೀನಿ. ಅದರಾಗ ಬರ್ತೀನಿ" ಎಂದು ಬೇವಿನ ಮರದ ಕಡೆ ತೋರಿಸಿದಳು. ಈ ಸಲ ದಾರಿಯಲ್ಲಿ ಏನಾದರೂ ಎಡವಟ್ಟಾದರೆ ಆಕೆ ಇನ್ನೆಂದೂ ಗೇಟು ದಾಟುವುದಿಲ್ಲ ಎಂಬುದು ನನಗೆ ಗೊತ್ತಾಯಿತು. ಆದ್ದರಿಂದಲೇ ಓದಲು ಕುಳಿತೆ.

ಓದಿದ್ದು ಇಷ್ಟು. ಇಂಥ ಗಾಡಿಯ ಮುಂದೆ, ಜೀಪಿನ ಹುಕ್ಕಿಗೆ ಸಿಕ್ಕಿಸುವ ಕಬ್ಬಿಣದ ಮೂಕಿ ಇರುತ್ತದಲ್ಲ, ಅದರ ಮೇಲೆ ಒಟ್ಟು ತೂಕದ ಹತ್ತನೇ ಒಂದು ಭಾಗವಾದರೂ ಕೂತಿರಬೇಕು. ಜಾಸ್ತಿಯಾದರೆ ಜೀಪಿನ ಹಿಂಭಾಗ ಕುಸಿಯುತ್ತದೆ. ಕಡಿಮೆಯಾದರೆ ಹಿಂದಿನ ಗಾಡಿ ಬಾಲದಂತೆ ಅಲ್ಲಾಡುತ್ತದೆ. ಆದ್ದರಿಂದ ಭಾರದ ಸಾಮಾನು ಮುಂದಿರಬೇಕು. ಇದರಲ್ಲಿ ಕಷ್ಟವೇನಿದೆ?

ಕಷ್ಟ ನಮ್ಮ ಓಣಿಯಲ್ಲಿತ್ತು. ತವರಿಗೆ ಹೊರಟವಳು ಬರಿಗೈಲಿ ಹೋಗಬಾರದು. ಅದರಲ್ಲೂ ವರ್ಷದ ಮೇಲೆ ಹೊರಟವಳು! ಎರಡು ಚೀಲ ಜೋಳ, ಒಂದು ಚೀಲ ಶೇಂಗಾ, ಡಬ್ಬಿಗಟ್ಟಲೆ ಚಟ್ನಿ ಹಿಂಡಿ, ಬುಟ್ಟಿ ತುಂಬ ಕಡಕ್ ರೊಟ್ಟಿ ಬಂದವು. ಎಲ್ಲವೂ ಹಿಂದಿನ ಬಾಗಿಲಿನಿಂದ ಒಳಗೆ ಹೋಗಿ ಅಲ್ಲೇ ಕೂತವು. ನಾನು ಮನೆಯಲ್ಲಿದ್ದ, ಮೈತೂಕ ನೋಡುವ ಕಾಟಾ ತಂದು ಮೂಕಿಯ ಕೆಳಗೆ ಇಟ್ಟಿದ್ದೆ. ಒಂದೊಂದು ಚೀಲ ಏರಿದಂತೆ ಅದರ ಮುಳ್ಳು ಇಳಿಯುತ್ತ ಬಂತು.

ಪಕ್ಕದ ಮನೆಯ ಶಾಂತಕ್ಕ ಬಗ್ಗಿ ನೋಡಿದಳು. "ಹಗರ ಆಗಾಕತ್ತೈತಿ ನೋಡ! ಛಲೋ ಆತಲ್ಲ?"

"ಛಲೋ ಅಲ್ಲ ಶಾಂತಕ್ಕ. ಮೂಕಿ ಮ್ಯಾಲ ಭಾರ ಬೇಕು."

"ಭಾರ ಇರಬಾರ್ದು ಅಂತ ಮಂದಿ ದೇವರಿಗೆ ಹರಕಿ ಹೊರ್ತಾರ. ಈಕಿಗೆ ಭಾರ ಬೇಕಂತ!"

ನಾನು ಅವ್ವನ ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ. "ಅವ್ವಾ, ಜೋಳದ ಚೀಲ ಎರಡೂ ಮುಂದಿನ ಹಾಸಿಗಿ ಮ್ಯಾಲ ಇಡೂಣೇನು?"

"ಅದು ನಿಮ್ಮಪ್ಪನ ಜಾಗಾ."

"ಬರೇ ಹೊನವಾಡ ತನಕ."

"ಅದರ ಮ್ಯಾಲ ಏನೂ ಇಡೂದಿಲ್ಲ. ಯಾರೂ ಹತ್ತೂದಿಲ್ಲ."

ನಾನು ವಾದ ಮಾಡುವವಳಲ್ಲ. ವಾದದ ಬದಲು ವಿಜ್ಞಾನಕ್ಕೆ ಶರಣು ಹೋದೆ. ನಾಲ್ಕು ಪ್ಲಾಸ್ಟಿಕ್ ಕ್ಯಾನುಗಳಲ್ಲಿ ನೀರು ತುಂಬಿಸಿ ಅವನ್ನು ಮೂಕಿಯ ಮೇಲೆಯೇ ಹಗ್ಗದಿಂದ ಬಿಗಿದೆ. ಕಾಟಾದ ಮುಳ್ಳು ಬೇಕಾದಲ್ಲಿಗೆ ಬಂದು ನಿಂತಿತು. ಅಪ್ಪನ ಹಾಸಿಗೆಯ ಚಾದರ ಒಂದು ಸುಕ್ಕೂ ಇಲ್ಲದೆ ಹಾಗೆಯೇ ಇತ್ತು. ದುಃಖವನ್ನೂ ಗುರುತ್ವಾಕರ್ಷಣೆಯನ್ನೂ ಏಕಕಾಲಕ್ಕೆ ನಿಭಾಯಿಸಿದ ಸಮಾಧಾನದಲ್ಲಿ ನಾನು ಜೀಪು ಹತ್ತಿದೆ.

ಜೀಪು ಸಂಗಪ್ಪ ಕಾಕಾನದು. ಅಪ್ಪನ ಗೆಳೆಯ, ಸಣಕಲು ಮನುಷ್ಯ. ಒಳದಾರಿ ಬೇಡ, ಡಾಂಬರು ಚೆನ್ನಾಗಿದೆ ಎಂದು ವಿಜಯಪುರದ ಮೇಲೆ ಹೊರಟರು. ಅವ್ವ ಹಿಂದಿನ ಸೀಟಿನಲ್ಲಿ ಕೂತು ಹಿಂದಕ್ಕೇ ನೋಡುತ್ತಿದ್ದಳು. ಗಾಲಿಮನೆ ಸಾಧು ಎಮ್ಮೆಯಂತೆ ಬರುತ್ತಿತ್ತು.

ವಿಜಯಪುರ ದಾಟುವಾಗ ಬೈಕಿನವನೊಬ್ಬ ಪಕ್ಕಕ್ಕೆ ಬಂದು ಕೂಗಿದ. "ಅಣ್ಣಾರ, ಹಿಂದ ನೀರ ಸೋರಾಕತ್ತೈತ್ರೀ!"

ಕಾಕಾ ನನ್ನ ಮುಖ ನೋಡಿದರು. ನಾನು ಕಿಟಕಿಯ ಹೊರಗೆ ನೋಡಿದೆ.

ಅವ್ವ ತಗ್ಗಿದ ದನಿಯಲ್ಲಿ, "ಬಚ್ಚಲದ್ದಿರಬೇಕು. ನಡು ಪ್ಯಾಟ್ಯಾಗ ನಿಂದರಬ್ಯಾಡ್ರಿ, ಮರ್ಯಾದಿ ಹೋಗ್ತೈತಿ" ಅಂದಳು.

ಬಚ್ಚಲಿಗೆ ನಾವು ನೀರನ್ನೇ ತುಂಬಿಸಿರಲಿಲ್ಲ! ಇದು ನನಗೆ ನೆನಪಾದದ್ದು ತೊರವಿಯ ಹತ್ತಿರ, ಗಾಲಿಮನೆ ಸೊಂಟ ಕುಣಿಸಲು ಶುರು ಮಾಡಿದ ಮೇಲೆ. ಮೊದಲು ಸಣ್ಣಗೆ, ಆಮೇಲೆ ಜೀಪನ್ನೇ ಆಚೀಚೆ ಎಳೆಯುವಷ್ಟು. ಎದುರಿನ ಟ್ರ್ಯಾಕ್ಟರಿನವನು ಹೆದರಿ ರಸ್ತೆಯ ಕೆಳಗಿಳಿದ.

"ಯವ್ವಾ, ಏನಾತಿದು?" ಕಾಕಾ ಕೂಗಿದರು.

"ಬ್ರೇಕ್ ಒತ್ತಬ್ಯಾಡ್ರಿ ಕಾಕಾ! ಮೆಲ್ಲಕ ಸ್ಪೀಡ್ ಕಡಿಮಿ ಮಾಡ್ರಿ!"

ಚಹಾದಂಗಡಿಯೊಂದರ ಪಕ್ಕದ ಬಯಲಲ್ಲಿ ಗಾಡಿ ನಿಂತಿತು. ಕ್ಯಾನುಗಳು ಮೂಕಿಯ ಕಬ್ಬಿಣಕ್ಕೆ ಉಜ್ಜಿ ಉಜ್ಜಿ ತೂತಾಗಿದ್ದವು. ನನ್ನ ಸಮತೋಲನವೆಲ್ಲ ಬಾಬಲೇಶ್ವರದಿಂದ ತೊರವಿಯವರೆಗೆ ಹನಿಹನಿಯಾಗಿ ರಸ್ತೆಗೆ ಬಿದ್ದಿತ್ತು. ಅವ್ವ ಕೆಳಗಿಳಿದು ತನ್ನ ಸೆರಗು ಹಿಂಡುತ್ತ ನಿಂತಳು.

"ಹೊಳ್ಳಿ ಮನೀಗೆ ಹೋಗೂಣು" ಅಂದಳು. "ನಾ ಹೊಂಟಿದ್ದಾ ತಪ್ಪು."

ಈ ಮಾತಿಗೇ ನಾನು ಹೆದರಿದ್ದು. ಈ ಹೆದರಿಕೆಯಲ್ಲಿಯೇ ನಾನು ಆ ದಿನದ ಅತಿ ದೊಡ್ಡ ತಪ್ಪು ಮಾಡಿದೆ. ಮತ್ತೊಮ್ಮೆ ತೂಕ ನೋಡುತ್ತೇನೆ ಎಂದು ಕಾಕಾನಿಂದ ಹುಕ್ಕು ಬಿಚ್ಚಿಸಿ, ಮೂಕಿಯನ್ನು ಕೈಯಲ್ಲಿ ಹಿಡಿದುಕೊಂಡಿರಲು ಹೇಳಿ, ಜೋಳದ ಚೀಲಗಳನ್ನು ತುಸು ಮುಂದೆ ಸರಿಸಲು ಹಿಂದಿನ ಬಾಗಿಲಿನಿಂದ ಒಳಗೆ ಹತ್ತಿದೆ. ಹಿಂದೆ ಭಾರವಾಗಿರುವ ಗಾಡಿಗೆ ಹಿಂದಿನಿಂದ ಹತ್ತಿದೆ! ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು!

ಗಾಲಿಮನೆ ನಾಯಿಯಂತೆ ಹಿಂಗಾಲ ಮೇಲೆ ಕೂತಿತು. ಮೂಕಿ ಕಾಕಾನ ಎದೆಯ ಮಟ್ಟಕ್ಕೆ ಎದ್ದಿತು. ಚೀಲ, ಡಬ್ಬಿ, ಬುಟ್ಟಿ ಎಲ್ಲ ಜಾರಿ ಬಂದು ಬಾಗಿಲಿಗೆ ಒತ್ತಿದವು. ನಾನು ಕಡಕ್ ರೊಟ್ಟಿಯ ಮೇಲೆ ಬಿದ್ದೆ. ಅವು ಮುರಿದ ಸದ್ದು ಟಿಕೋಟಾದವರೆಗೆ ಕೇಳಿರಬೇಕು.

"ವೈನಿ, ಮೂಕಿ ಇಳಿವಲ್ದ್ರೀ!" ಕಾಕಾ ಅವ್ವನಿಗೆ ಕೂಗಿ, ಅದರ ಮೇಲೆ ಹೊಟ್ಟೆ ಊರಿ ಜೋತುಬಿದ್ದರು. ಮೂಕಿ ಇಳಿಯಲಿಲ್ಲ. ಕಾಕಾನ ಕಾಲು ನೆಲ ಬಿಟ್ಟವು.

ಚಹಾದಂಗಡಿಯವನು ಓಡಿ ಬಂದು ತಾನೂ ಜೋತುಬಿದ್ದ. ಇನ್ನೂ ಸಾಲದು. "ಅಕ್ಕಾರ, ಮುಂದ ಬರ್ರಿ! ಹಾಸಿಗಿ ಮ್ಯಾಲ ಹತ್ರಿ!" ಎಂದು ಕೂಗಿದ.

ನಾನು ಹತ್ತಲಿಲ್ಲ. ಏರಾದ ನೆಲದ ಮೇಲೆ, ಮಂಚದ ಕಾಲು ಹಿಡಿದುಕೊಂಡು ಹಾಗೆಯೇ ಕೂತೆ. ಕಿಟಕಿಯಲ್ಲಿ ಅವ್ವನ ಮುಖ ಕಾಣುತ್ತಿತ್ತು. ಆಕೆ ನನ್ನನ್ನು ನೋಡಿದಳು, ಹಾಸಿಗೆಯನ್ನು ನೋಡಿದಳು. ಹೊರಗೆ ಇಬ್ಬರು ಗಂಡಸರು ಮೂಕಿಗೆ ಜೋತುಬಿದ್ದು ಏದುಸಿರು ಬಿಡುತ್ತಿದ್ದರು.

"ಚಪ್ಪಲ್ ಬಿಟ್ಟು ಹತ್ತು" ಅಂದಳು ಅವ್ವ.

ಚಪ್ಪಲಿ ಬಿಟ್ಟು ಹತ್ತಿದೆ. ಗಾಲಿಮನೆ ಮೆಲ್ಲಗೆ ಮುಂದಕ್ಕೆ ಬಾಗಿ ನೆಟ್ಟಗಾಯಿತು.

"ಹಂಗಽ ಮಲಕ್ಕೋ ಯವ್ವಾ, ಅಳ್ಳಾಡಬ್ಯಾಡ!" ಎಂದರು ಕಾಕಾ.

ಉದ್ದಕ್ಕೆ ಮಲಗಿದೆ. ಕಾಲು ಮಡಚಬೇಕಾಗಲಿಲ್ಲ. ನನ್ನ ಪಾದದ ಆಚೆ ಒಂದು ಗೇಣಿಗಿಂತ ಹೆಚ್ಚು ಹಾಸಿಗೆ ಉಳಿಯಿತು. ಅದು ಯಾರ ಅಳತೆ ಎಂದು ನನಗೆ ಗೊತ್ತಿತ್ತು. ಟೇಪು ಹಿಡಿದವಳು ನಾನೇ. ಒಂದು ವರ್ಷ ಅವ್ವನನ್ನು ಸಂಭಾಳಿಸಿದೆ, ಬಂದವರಿಗೆ ಚಹಾ ಕೊಟ್ಟೆ, ಪಾಠ ತಪ್ಪಿಸಲಿಲ್ಲ. ಮಲಗಿದಲ್ಲೇ ಆ ಒಂದು ಗೇಣು ಜಾಗವನ್ನು ಕಾಲಿನಿಂದ ಮುಟ್ಟಲು ಹೋದೆ. ಎಟುಕಲಿಲ್ಲ.

ಸ್ವಲ್ಪ ಹೊತ್ತಿಗೆ ಅವ್ವ ಕಿಟಕಿಯಿಂದ ಕೇಳಿದಳು. "ಯಾಕವಾ, ಇಳಿಯವಲ್ಲಿ?"

"ನಾ ಇಳದ್ರ ಮೂಕಿ ಮತ್ತ ಏಳ್ತೈತಿ" ಎಂದೆ, ಗೋಡೆಯ ಕಡೆ ಮುಖ ಮಾಡಿ.

"ಕಾಕಾ ಹುಕ್ಕು ಹಾಕಿ ಆಗ್ಲೇ ಚಹಾ ಕುಡ್ಯಾಕತ್ತಾರ."

ನಾನು ಆಗಲೂ ಇಳಿಯಲಿಲ್ಲ. ವೈಜ್ಞಾನಿಕವಾಗಿ ಅಲ್ಲಿ ಮಲಗಿರುವ ಅಗತ್ಯವೇನೂ ಉಳಿದಿರಲಿಲ್ಲ.

ಅವ್ವ ಆಮೇಲೆ ಒಳಗೆ ಬಂದಳು. ಹೊರಗಿನವರಿಗೆ ಹೇಳಿದಳು: "ಜೋಳದ ಚೀಲ ತರ್ರಿ ಇಲ್ಲೆ. ಹಾಸಿಗಿ ಮ್ಯಾಲ ಇಡ್ರಿ." ನಾನು ಎದ್ದು ಜಾಗ ಬಿಟ್ಟೆ. ಆಕೆ ಚಾದರ ಮಡಚಿ ತನ್ನ ಕಂಕುಳಲ್ಲಿ ಇಟ್ಟುಕೊಂಡಳು. ಮೊದಲ ಚೀಲ ಇಡಿಸಿದ್ದು ಕಾಲಿನ ಕಡೆ, ಆ ಒಂದು ಗೇಣಿನ ಮೇಲೆಯೇ.

ಹೊನವಾಡದವರೆಗೆ ಗಾಲಿಮನೆ ಒಂದು ಸಲವೂ ಅಲ್ಲಾಡಲಿಲ್ಲ. ಮಾಮಾ ಅಂಗಳಕ್ಕೆ ಓಡಿ ಬಂದ. ಪುಡಿಯಾದ ರೊಟ್ಟಿ ನೋಡಿ, "ಇದೇನಕ್ಕಾ?" ಅಂದ.

"ದಾರ್ಯಾಗ ಗಾಡಿ ಎದ್ದಿತ್ತು. ಈಕೀನಽ ಭಾರಕ್ಕ ಮಲಗಿದ್ಲು, ಅದಕ್ಕ ಇಳೀತು" ಎಂದಳು ಅವ್ವ. ಗೇಟು ದಾಟಿದ ಮೇಲೆ ಮೊದಲ ಸಲ ತುಸು ನಕ್ಕಳು ಕೂಡ.

ಕಾಲೇಜಿನಲ್ಲಿ ಕಲಿಸುವವಳು ಜೋಳದ ಚೀಲದ ಕೆಲಸ ಮಾಡಿದಳೆಂದು ಮನೆ ತುಂಬ ನಗು. ನಾನೂ ನಕ್ಕೆ. ಅವರು ಹೇಳಿದ್ದು ನಿಜ. ಚೀಲಕ್ಕೂ ನನಗೂ ಇದ್ದ ವ್ಯತ್ಯಾಸ ಒಂದೇ: ಚೀಲವಾಗಿದ್ದರೆ ದಿಂಬು ಒದ್ದೆಯಾಗುತ್ತಿರಲಿಲ್ಲ.