ದಿನವೂ ಹೊಸದಾಗಿ ಏಳುವ ಕಂಪ್ಯೂಟರ್ ಮಹಾಶಯರಿಗೆ

ತುಮಕೂರು ಅಂತರಸನಹಳ್ಳಿಯ ನಮ್ಮ ಕೊಬ್ಬರಿ ಎಣ್ಣೆ ಕಂಪನಿಯ ಹೆಡ್ಡಾಫೀಸಿನಲ್ಲಿ, ಗಾಜಿನ ಕೋಣೆಯೊಳಗೆ, ತಂಪು ಗಾಳಿಯಲ್ಲಿ ವಿರಾಜಮಾನರಾಗಿರುವ ಕಂಪ್ಯೂಟರ್ ಮಹಾಶಯರ ಸನ್ನಿಧಾನಕ್ಕೆ, ಅದೇ ಕಂಪನಿಯ ಗುಬ್ಬಿ ಡಿಪೋದಲ್ಲಿ ಫ್ಯಾನೂ ಇಲ್ಲದೆ ಕುಳಿತಿರುವ ಗುಮಾಸ್ತ ಸಿದ್ದಗಂಗಯ್ಯ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಕೋಣೆಗೆ ಏರ್ ಕಂಡೀಷನ್ ಇದೆ, ಧೂಳು ತಾಗದಿರಲೆಂದು ಮೈಮೇಲೆ ಹೊದಿಕೆ ಇದೆ, ಒಳಗೆ ಬರುವವರೆಲ್ಲ ಚಪ್ಪಲಿ ಹೊರಗೆ ಬಿಟ್ಟು ಬರುತ್ತಾರೆ. ಇಷ್ಟಾದ ಮೇಲೂ ತಾವು ಕ್ಷೇಮವಾಗಿಲ್ಲದಿದ್ದರೆ ಅದು ನಮ್ಮೆಲ್ಲರ ಪಾಪ. ತಮಗೆ ಕನ್ನಡ ಬರುವುದಿಲ್ಲವೆಂದು ಬಲ್ಲೆ. ಆದರೂ ಈ ಪತ್ರವನ್ನು ಹೆಡ್ಡಾಫೀಸಿನ ನೋಟೀಸು ಬೋರ್ಡಿಗೆ ಅಂಟಿಸುತ್ತಿದ್ದೇನೆ, ಓದಲು ಬರುವವರು ಅಲ್ಲಿ ಓಡಾಡುತ್ತಿರುತ್ತಾರೆ.

ನನ್ನ ಅಹವಾಲು ಸಣ್ಣದು. ನನ್ನ ಹೆಂಡತಿ ಗಂಗಾಂಬಿಕೆ ಕುಣಿಗಲ್ಲಿನಲ್ಲಿ ಸ್ಕೂಲ್ ಟೀಚರು. ಮಗಳು ಮಂಗಳ ಅಲ್ಲೇ ತಾಯಿಯ ಜೊತೆ ಬೆಳೆಯುತ್ತಿದ್ದಾಳೆ. ಶನಿವಾರ ಸಂಜೆ ನಾನು ಗುಬ್ಬಿಯಲ್ಲಿ ಒಂದು ಬಸ್ಸು ಹತ್ತಿ, ತುಮಕೂರಿನಲ್ಲಿ ಇಳಿದು ಇನ್ನೊಂದಕ್ಕೆ ನೇತುಬಿದ್ದು ಮನೆ ಮುಟ್ಟುವ ಹೊತ್ತಿಗೆ ಮಗು ಮಲಗಿರುತ್ತದೆ. ಭಾನುವಾರ ಎದ್ದು ಕಣ್ಣುಜ್ಜಿಕೊಂಡು ಅವಳು ಕೇಳುವ ಮೊದಲ ಮಾತು, "ಅಪ್ಪಾ, ಇವತ್ತು ಎಷ್ಟೊತ್ಗೆ ಹೋಗ್ತೀಯ?" ಈ ವರ್ಷ ಕುಣಿಗಲ್ ಡಿಪೋದ ಗುಮಾಸ್ತರು ನಿವೃತ್ತರಾಗಿ ಆ ಜಾಗ ಖಾಲಿ ಬಿತ್ತು. ನಾನು ಓಡಿಹೋಗಿ ಮ್ಯಾನೇಜರ್ ಮಹಾಲಿಂಗಯ್ಯನವರನ್ನು ಕೇಳಿಕೊಂಡೆ, ಕಾಲು ಹಿಡಿಯುವುದೊಂದು ಬಾಕಿ. ಅವರು ನಗುತ್ತಲೇ, "ಆಯ್ತ್ ಬಿಡ್ರೀ, ನಿಮ್ದೇ ಅದು. ಆದ್ರೆ ಆರ್ಡರ್ ಮಾತ್ರ ಕಂಪ್ಯೂಟರಿಂದ್ಲೇ ಬರ್ಬೇಕು. ಕೈಬರಹ, ಟೈಪ್ ರೈಟ್ರು ಎಲ್ಲಾ ಇನ್ಮೇಲೆ ನಡಿಯಲ್ಲ" ಎಂದರು. ಹೀಗೆ ನನ್ನ ಸಂಸಾರ ತಮ್ಮ ಕೈಗೆ ಬಂತು. ಶ್ರಾವಣದಲ್ಲಿ ಬಂದದ್ದು ಇನ್ನೂ ಅಲ್ಲೇ ಇದೆ.

ಆರ್ಡರಿಗಾಗಿ ಬಂದುಬಂದು ಗಾಜಿನ ಹೊರಗೆ ನಿಂತ ಪುಣ್ಯದಿಂದ ತಾವು ಏಳುವ ವೈಭವವನ್ನು ಕಣ್ಣಾರೆ ಕಂಡಿದ್ದೇನೆ. ಸ್ವಿಚ್ಚು ಹಾಕಿದೊಡನೆ ತಾವು ಕೆಲಸಕ್ಕೆ ಇಳಿಯುವುದಿಲ್ಲ. ಮೊದಲು ತಮಗೆ ಎಷ್ಟು ಜ್ಞಾಪಕಶಕ್ತಿ ಇದೆಯೆಂದು ತಾವೇ ಪರದೆಯ ಮೂಲೆಯಲ್ಲಿ ಎಣಿಸಿಕೊಳ್ಳುತ್ತೀರಿ, ಕೀಲಿಗಳೆಲ್ಲ ಇವೆಯೇ ಎಂದು ಮೈ ಮುಟ್ಟಿ ನೋಡಿಕೊಳ್ಳುತ್ತೀರಿ, ಎಲ್ಲ ಸರಿಯಿದ್ದರೆ ಕುಂಯ್ ಎನ್ನುತ್ತೀರಿ. ಅಷ್ಟಾದರೂ ತಾವು ಯಾರು, ಏನು ಮಾಡಬಲ್ಲಿರಿ ಎಂಬುದು ತಮಗೆ ತಿಳಿಯದು. ಅದು ಇರುವುದು ಫ್ಲಾಪಿ ಎಂಬ ಕರಿಯ ಚೌಕದ ತಟ್ಟೆಯಲ್ಲಿ. ಅದನ್ನು ಬಾಯಿಗಿಟ್ಟರೆ ಕೆಂಪು ದೀಪ ಹತ್ತಿಸಿಕೊಂಡು ಕರಕರ ಅಗಿದು, ಆಮೇಲಷ್ಟೇ ತಾವು ಕಂಪ್ಯೂಟರ್ ಎಂಬ ಅರಿವು ತಂದುಕೊಂಡು, ಇವತ್ತು ಯಾವ ತಾರೀಖು, ಈಗ ಗಂಟೆ ಎಷ್ಟು ಎಂದು ನಮ್ಮನ್ನೇ ಕೇಳುತ್ತೀರಿ. ಲಕ್ಷಾಂತರ ಸುರಿದು ತಂದವರನ್ನು ಗಂಟೆ ಎಷ್ಟೆಂದು ಕೇಳುವ ಧೈರ್ಯ ಇನ್ನಾರಿಗಿದೆ! ಸಂಜೆ ಆರಿಸಿದರೆ ಅಷ್ಟೂ ಮಾಯ. ಮರುದಿನ ಮತ್ತೆ ಮೊದಲಿನಿಂದ. ನಿನ್ನೆಯ ಹಂಗು ಹರಿದುಕೊಂಡು ಬದುಕುವುದಕ್ಕೆ ವಿರಕ್ತರು ಜನ್ಮವಿಡೀ ತಪಸ್ಸು ಮಾಡುತ್ತಾರೆ, ತಮಗೆ ಒಂದು ಸ್ವಿಚ್ಚು ಸಾಕು.

ಕಷ್ಟವೆಂದರೆ ನಮ್ಮೂರ ಕರೆಂಟು ತಮ್ಮನ್ನು ಸಂಜೆಯವರೆಗೂ ಕಾಯಿಸುವುದಿಲ್ಲ. ಒಂದು ಶುಕ್ರವಾರ, ತಮ್ಮ ಸೇವೆಗೆಂದೇ ಬೆಂಗಳೂರಿನಲ್ಲಿ ತರಬೇತಿ ಪಡೆದು ಬಂದ ಶಕುಂತಲಮ್ಮನವರು ನನ್ನ ಆರ್ಡರಿನ ಕೊನೆಯ ಸಾಲಿನಲ್ಲಿದ್ದಾಗ ಕರೆಂಟು ಹೋಯಿತು. "ಅಯ್ಯೋ ಸಾರ್, ಒಳಗೆ ಉಳಿಸೇ ಇರ್ಲಿಲ್ಲ ಕಣ್ರೀ. ಎಲ್ಲಾ ಮೊದ್ಲಿಂದ ಹೊಡೀಬೇಕು" ಎಂದು ಆಕೆ ತಲೆಯ ಮೇಲೆ ಕೈ ಹೊತ್ತು ಕುಳಿತರು. ಕರೆಂಟೇನೋ ಬೇಗ ಬಂತು. ಆದರೆ ಆಗ ರಾಹುಕಾಲ. ಮ್ಯಾನೇಜರ್ ಸಾಹೇಬರು ಹೊಸ ಕೆಲಸ ಯಾವುದನ್ನೂ ರಾಹುಕಾಲದಲ್ಲಿ ಶುರು ಮಾಡುವವರಲ್ಲ. ಹೋಗಿ ಬಂದ ಕರೆಂಟಿನಲ್ಲಿ ತಾವು ಏಳುವುದು ಹಳೆಯ ಕೆಲಸದ ಮುಂದುವರಿಕೆಯೋ ಹೊಸದರ ಆರಂಭವೋ ಎಂಬ ಗಹನವಾದ ಪ್ರಶ್ನೆಯನ್ನು ಅವರು ಕಣ್ಣು ಮುಚ್ಚಿ ಯೋಚಿಸಿ, ಹಿಂದಿನದೊಂದೂ ತಮಗೆ ನೆನಪಿರುವುದಿಲ್ಲವಾದ್ದರಿಂದ ಇದು ಹೊಸ ಆರಂಭವೇ ಸರಿ ಎಂದು ತೀರ್ಪು ಕೊಟ್ಟರು. ಅಂದಿನಿಂದ ತಮ್ಮ ಪಕ್ಕದಲ್ಲಿ ಪಂಚಾಂಗವೂ ತೂಗುತ್ತಿದೆ. ಸಾಹೇಬರ ಜೀಪು ರೈಲ್ವೆ ಗೇಟಿನಲ್ಲಿ ಆಫಾದಾಗ ಮಾತ್ರ ನಾವು ಯಾವ ಕಾಲವನ್ನೂ ನೋಡದೆ ಹಿಂದಿನಿಂದ ತಳ್ಳುತ್ತೇವೆ.

ಆಮೇಲೆ ಆಯುಧಪೂಜೆ ಬಂತು. ತೂಕದ ಯಂತ್ರಕ್ಕೆ, ಗಾಣಕ್ಕೆ, ಜೀಪಿಗೆ ಪೂಜೆಯಾಗಿ ಕೊನೆಗೆ ತಮ್ಮ ಸರದಿ. ಪೆಟ್ಟಿಗೆಗೆ ಮೂರೆಳೆ ವಿಭೂತಿ ಬಳಿದ ಸಾಹೇಬರು, "ಜೀವ ಇರೋದು ಇದ್ರಲ್ಲೇ ತಾನೇ?" ಎಂದು ಫ್ಲಾಪಿಯನ್ನು ಎತ್ತಿಕೊಂಡು, ಅದರ ಮೇಲಿನ ಕಾಗದಕ್ಕೆ ಹಚ್ಚಿದರೆ ಎಲ್ಲಿ ಅಗೌರವವಾದೀತೋ ಎಂದು, ಒಳಗಿನ ಹೊಳೆಯುವ ತಟ್ಟೆ ಕಾಣುವ ಸೀಳಿನಲ್ಲೇ ತೇಯ್ದ ಗಂಧ ಇಟ್ಟು, ಅದರ ಮೇಲೆ ಕುಂಕುಮ ಏರಿಸಿದರು. ಶಕುಂತಲಮ್ಮನವರು "ಸಾರ್, ಸಾರ್" ಎನ್ನುವಷ್ಟರಲ್ಲಿ ಮಂಗಳಾರತಿಯೂ ಆಗಿತ್ತು. ಮಾರನೆಯ ದಿನ ತಾವು ಎದ್ದಿರಿ, ಎಣಿಸಿದಿರಿ, ಅಗಿದಿರಿ, ಗಂಧ ಸಿಕ್ಕಿತು. ಇದಲ್ಲ, ಬೇರೆ ತಟ್ಟೆ ಹಾಕಿ ಯಾವುದಾದರೊಂದು ಕೀಲಿ ಒತ್ತಿ ಎಂದು ಇಂಗ್ಲಿಷಿನಲ್ಲಿ ಬರೆದು ಸುಮ್ಮನಾದಿರಿ. ಇದ್ದ ಕೀಲಿಗಳನ್ನೆಲ್ಲ ಒಬ್ಬೊಬ್ಬರೂ ಒತ್ತಿ ನೋಡಿದೆವು. ಬೆಂಗಳೂರಿನಿಂದ ಬೇರೆ ತಟ್ಟೆ ಬರುವವರೆಗೆ ತಾವು ಹೀಗೆ ಮೌನವ್ರತದಲ್ಲಿದ್ದಿರಿ. ಆ ದಿನಗಳಲ್ಲೇ ಒಂದು ಬುಧವಾರ ನನ್ನ ಮಗಳು ಮೊದಲ ಸಲ ಸ್ಲೇಟಿನ ಮೇಲೆ ಅಪ್ಪ ಎಂದು ಬರೆದಳಂತೆ. ಶನಿವಾರ ನಾನು ಹೋಗುವ ಹೊತ್ತಿಗೆ ಅದನ್ನು ಒರೆಸಿ ಆಗಿತ್ತು.

ಅಂತೂ ಮೊನ್ನೆ ಡಿಸೆಂಬರಿನಲ್ಲಿ ರಾಹು ಇಲ್ಲದ, ಕರೆಂಟು ಇದ್ದ, ಗಂಧವಿಲ್ಲದ ಒಂದು ಗಳಿಗೆ ಕೂಡಿಬಂದು ಆರ್ಡರು ಹೊರಬಂತು. ಹಾಸಿಗೆ ಸುತ್ತಿಕೊಂಡು, ಗುಬ್ಬಿಯ ಕೋಣೆಯ ಬೀಗದ ಕೈ ಮಾಲೀಕರಿಗೆ ಒಪ್ಪಿಸಿ, ಕುಣಿಗಲ್ ಡಿಪೋದ ಮೇಲ್ವಿಚಾರಕ ಕರಿಸಿದ್ದಪ್ಪನವರ ಮುಂದೆ ನಿಂತೆ. ಅವರು ಕನ್ನಡಕ ಏರಿಸಿ ಇಳಿಸಿ, "ಏನ್ರೀ ಸಿದ್ದಗಂಗಯ್ಯನೋರೇ, ಇದ್ರಾಗೆ ತಾರೀಖು ಎಂಬತ್ನೇ ಇಸ್ವಿ ಜನವರಿ ಒಂದು ಅಂತೈತಲ್ರೀ. ಆಗ ನೀವೂ ಕಂಪ್ನಿಗೆ ಸೇರಿರ್ಲಿಲ್ಲ, ಈ ಡಿಪೋನೂ ಇರ್ಲಿಲ್ಲ. ನಾ ಹೆಂಗ್ ಸೇರಿಸ್ಕೊಳ್ಳಿ?" ಎಂದರು. ಆಮೇಲೆ ತಿಳಿಯಿತು: ತಾವು ತಾರೀಖು ಕೇಳಿದಾಗ ಯಾರೂ ಉತ್ತರ ಕೊಡದೆ ಕೀಲಿ ಒತ್ತಿ ಮುಂದೆ ಹೋದರೆ, ತಾವು ಆ ದಿನವನ್ನೇ ಇವತ್ತೆಂದು ನಂಬುತ್ತೀರಂತೆ. ಅವತ್ತು ಶಕುಂತಲಮ್ಮನವರು, ರಾಹುಕಾಲ ಹತ್ತಿರ ಬಂತೆಂದು ಸಾಹೇಬರು ಹಿಂದೆ ನಿಂತು ಅವಸರಪಡಿಸುತ್ತಿದ್ದರಿಂದ, ಹಾಗೇ ಒತ್ತಿಬಿಟ್ಟಿದ್ದರು. ಹಾಸಿಗೆಯೊಂದಿಗೆ ಗುಬ್ಬಿಗೆ ಹಿಂತಿರುಗಿದರೆ ಹೆಡ್ಡಾಫೀಸಿನಿಂದ ಮೆಮೋ ಕಾದಿತ್ತು. ಎಂಬತ್ತರಲ್ಲೇ ವರ್ಗವಾದರೂ ಎಂಬತ್ತೆಂಟು ಮುಗಿಯುವವರೆಗೆ ಹಾಜರಾಗದಿದ್ದುದೇಕೆ, ವಿವರಣೆ ಕೊಡತಕ್ಕದ್ದು. ಆ ಮೆಮೋವಿನ ತಾರೀಖೂ ಎಂಬತ್ತನೇ ಇಸವಿ ಜನವರಿ ಒಂದೇ ಆಗಿರುವುದರಿಂದ, ಇನ್ನೂ ಆಗದ ತಡಕ್ಕೆ ಮುಂಗಡವಾಗಿ ಕ್ಷಮೆ ಕೇಳಿ ಉತ್ತರ ಬರೆದಿದ್ದೇನೆ.

ಆದ್ದರಿಂದ ಮಹಾಶಯರಲ್ಲಿ ನನ್ನ ಬಿನ್ನಹ. ಇನ್ನು ಮುಂದೆ ಎದ್ದಾಗ ದಯಮಾಡಿ ಒಮ್ಮೆ ಕಿಟಕಿಯ ಆಚೆ ನೋಡಿ ವರ್ಷ ಯಾವುದೆಂದು ತಾವೇ ತಿಳಿದುಕೊಳ್ಳಬೇಕು. ತಾವು ಹಟ ಹಿಡಿದಾಗ ಶಕುಂತಲಮ್ಮನವರು ಎರಡೂ ಕೈಯಿಂದ ಮೂರು ಕೀಲಿ ಒಟ್ಟಿಗೆ ಅದುಮಿ ತಮ್ಮನ್ನು ಮರಳಿ ಎಬ್ಬಿಸುತ್ತಾರಲ್ಲ, ಅಂಥ ಮೂರು ಕೀಲಿಗಳನ್ನು ಮ್ಯಾನೇಜರರಿಗೂ ಎಲ್ಲಾದರೂ ಕೂಡಿಸಲು ಸಾಧ್ಯವೇ ಎಂದು ಪರಿಶೀಲಿಸಬೇಕು. ಅದೂ ಆಗದಿದ್ದರೆ, ಎಂಬತ್ತನೇ ಇಸವಿಯೇ ನಿಜವೆಂದು ಕಂಪನಿಯನ್ನೆಲ್ಲ ಅಲ್ಲಿಗೆ ಕರೆದೊಯ್ಯಿರಿ ಎಂದು ಕೇಳಬಹುದಿತ್ತು. ಆದರೆ ಅಲ್ಲಿ ನನ್ನ ಮಗಳು ಇಲ್ಲ. ಅದಕ್ಕೆ ಆ ಉಪಕಾರ ನನಗೆ ಬೇಡ.

ಪ್ರತಿ ಸಲವೂ ತಮಗೆ ಹೊಸಬನಾಗಿ ಕಾಣುವ, ಆದರೂ ತಮ್ಮ ವಿಶ್ವಾಸಿ,

ಸಿದ್ದಗಂಗಯ್ಯ
ಗುಮಾಸ್ತ, ಗುಬ್ಬಿ ಡಿಪೋ

ಮರೆತ ಮಾತು: ಪತ್ರ ಮುಗಿಸಿ ಗೋಂದು ಹುಡುಕುತ್ತಿರುವಾಗ ಸುದ್ದಿ ಬಂತು. ಕುಣಿಗಲ್ಲಿನ ಜಾಗಕ್ಕೆ ನಿನ್ನೆಯೇ ಸಾಹೇಬರ ತಂಗಿಯ ಮಗ ಬಂದು ಸೇರಿದನಂತೆ. ಅವನ ಆರ್ಡರನ್ನು ಸಾಹೇಬರು ಜೇಬಿನ ಪೆನ್ನಿನಲ್ಲೇ, ಒಂದು ಬಿಳಿ ಹಾಳೆಯ ಮೇಲೆ, ನಿಂತುಕೊಂಡೇ ಬರೆದುಕೊಟ್ಟರಂತೆ, ತಾರೀಖೂ ಸರಿಯಾಗಿತ್ತಂತೆ. ಹೀಗಾಗಿ ತಮ್ಮ ಮೇಲಿನ ದೂರನ್ನೆಲ್ಲ ವಾಪಸು ತೆಗೆದುಕೊಂಡು, ತಪ್ಪಾಯಿತೆಂದು ಕೆನ್ನೆ ಬಡಿದುಕೊಳ್ಳುತ್ತೇನೆ. ವಿಳಾಸ ಬದಲಿಸಿ ಸಾಹೇಬರಿಗೇ ಬರೆಯಬೇಕಿತ್ತು. ಆದರೆ ಕರೆಂಟು ಹೋದರೆ ತಾವು ನನ್ನನ್ನು ಮರೆತುಬಿಡುತ್ತೀರಿ, ಅವರು ಮರೆಯುವುದಿಲ್ಲ; ನನಗಿನ್ನೂ ಗುಬ್ಬಿಯಲ್ಲಿ ನೌಕರಿ ಬೇಕು. ಅದಕ್ಕೇ ಮೇಲಿನ ಹೆಸರು ತಮ್ಮದೇ ಇರಲಿ.