ಕಾಕಾ ಮಾಡಿದ್ದಲ್ಲ, ಆದದ್ದು

ನಮ್ಮ ಕಾಕಾ ಹುಟ್ಟಿದಾಗಿನಿಂದ ಒಂದೇ ಒಂದು ಕೆಲಸ ಮಾಡಿದವರಲ್ಲ! ಮೈಗಳ್ಳರು ಎಂದು ತಿಳಿಯಬೇಡಿ. ಶಿಗ್ಗಾವಿ ಹತ್ತಿರದ ಹೊಲದಲ್ಲಿ ಗೋವಿನಜೋಳ ಬಿತ್ತುತ್ತಾರೆ, ಎಮ್ಮೆ ಹಿಂಡುತ್ತಾರೆ, ಊರಿನ ಜಗಳ ಬಿಡಿಸುತ್ತಾರೆ, ಬೇಸರವಾದರೆ ಹೊಸದೊಂದನ್ನು ಹಚ್ಚಿಯೂ ಕೊಡುತ್ತಾರೆ. ಆದರೆ ‘ಮಾಡಿದೆ’ ಎಂಬ ಮಾತು ಮಾತ್ರ ಅವರ ಬಾಯಲ್ಲಿಲ್ಲ. ಎಲ್ಲವೂ ‘ಆತು’. ಬಿತ್ತಿಗಿ ಆತು, ಜಗಳ ಆತು, ರಾಜಿ ಆತು. ಬ್ರಹ್ಮ ಹಣೆಯಲ್ಲಿ ಬರೆದದ್ದು ತನ್ನಷ್ಟಕ್ಕೆ ನಡೆಯುತ್ತದೆ, ನಡುವೆ ಕೈ ಹಾಕಲು ನಾವು ಯಾರು ಎನ್ನುವುದು ಅವರ ವೇದಾಂತ.

ಒಮ್ಮೆ ಪಡಸಾಲೆಯಲ್ಲಿ ಅವರ ಮೊಣಕೈ ತಗುಲಿ ಕಾಕುವಿನ ಚೀನಿ ಕಪ್ಪು ನೆಲಕ್ಕೆ ಬಿತ್ತು.

“ಕಪ್ಪ ಒಡೀತು,” ಎಂದರು ಕಾಕಾ, ಪೇಪರಿನಿಂದ ತಲೆ ಎತ್ತದೆ.

“ತಾನಽ ಒಡೀತೇನ್ರಿ?” ಎಂದಳು ಕಾಕು.

“ಅದರ ಆಯುಷ್ಯ ಅಷ್ಟಽ ಇತ್ತು. ಮೊಣಕೈ ಒಂದು ನೆವ.”

ಇಂಥ ಮನುಷ್ಯನಿಗೆ ಹೆಂಡತಿಯಾಗಿ ಬಾಳಲು ಎಷ್ಟು ತಾಳ್ಮೆ ಬೇಕು, ನೀವೇ ಹೇಳಿ.

ಇನ್ನೊಮ್ಮೆ ತಿಳವಳ್ಳಿಯ ಬೀಗರ ಮನೆಗೆಂದು ಹಾನಗಲ್ಲಿನಲ್ಲಿ ಬಸ್ಸು ಹತ್ತಿದರು. ಕಿಟಕಿಯ ಗಾಳಿಗೆ ನಿದ್ದೆ ಹತ್ತಿತು. ಕಣ್ಣು ಬಿಟ್ಟರೆ ತಿಳವಳ್ಳಿ ಹಿಂದೆ ಉಳಿದು ಹಿರೇಕೆರೂರು ಹತ್ತಿರ ಬಂದಿತ್ತು. ಕಂಡಕ್ಟರ್ ಬಂದು ನಿಂತ. “ಯಾಕ್ರೀ ಯಜಮಾನ್ರ, ತಿಳವಳ್ಳಿಗೆ ಇಳೀಲಿಲ್ಲ?”

“ಅಲ್ಲಿ ಇಳಿಯೋದು ನನ್ನ ಹಣ್ಯಾಗ ಬರದಿರಲಿಲ್ಲ ತಮ್ಮಾ.”

“ಹಂಗಾರ ಇನ್ನೊಂದು ತಿಕೀಟ ತಗೊಳ್ಳೋದು ಬರದೈತ್ರಿ, ತಗೋರಿ,” ಎಂದು ಆತ ಹರಿದುಕೊಟ್ಟ. ತಮ್ಮ ಜನ್ಮದಲ್ಲಿ ಸಿಕ್ಕ ಒಬ್ಬನೇ ಸರಿಯಾದ ಶಿಷ್ಯ ಅವನು ಎಂದು ಕಾಕಾ ಇಂದಿಗೂ ಹೊಗಳುತ್ತಾರೆ.

ನಾನೂ ಬಿಟ್ಟವನಲ್ಲ. ಸವಣೂರಿನ ಸಂತೆಯಲ್ಲಿ ಅವರು ಬದನೆಕಾಯಿ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಒಂದೊಂದನ್ನೂ ತಿರುವಿ, ತೊಟ್ಟು ಎತ್ತಿ, ಬೆಳಕಿಗೆ ಹಿಡಿದು ನೋಡುತ್ತಿದ್ದರು. ಸಿಕ್ಕಿಬಿದ್ದರಲ್ಲ ಎಂದು ನನಗೆ ಒಳಗೊಳಗೇ ಹಿಗ್ಗು. “ಕಾಕಾ, ಯಾವ ಬದನಿಕಾಯಿ ನಮ್ಮ ಚೀಲಕ್ಕ ಬರಬೇಕಂತ ಮೊದಲಽ ಬರದೈತಿ ಅಂದ ಮ್ಯಾಲ, ಇಷ್ಟ್ಯಾಕ ಆರಸ್ತೀರಿ?”

“ಆರಸಾಕತ್ತಿಲ್ಲೋ. ಹುಳಕು ಯಾರ ಹಣ್ಯಾಗ ಬರದೈತಿ ಅಂತ ಓದಾಕತ್ತೇನಿ.”

ಮನೆಗೆ ಬಂದು ಇದನ್ನು ಕಾಕುವಿಗೆ ಹೇಳಿದೆ. ಅವಳು ಚೀಲ ಸುರುವಿಕೊಳ್ಳುತ್ತ, “ಹೌದಪ್ಪಾ, ಬದನಿಕಾಯಿ ಓದಿ ತರ್ತಾರ. ಹೆಂಡತಿ ಮಾತ್ರ ತಾನಽ ಬಂದ್ಲಂತ,” ಎಂದಳು. ನಗುತ್ತಲೇ ಅಂದಳು. ಆದರೆ ಆ ನಗೆ ನನಗೆ ಸರಿ ಕಾಣಲಿಲ್ಲ.

ಸಂಗತಿ ಇಷ್ಟೇ. ಹತ್ತಿಮತ್ತೂರು ಕಾಕುವಿನ ತವರು. ಯಾರಾದರೂ ಮದುವೆಯ ಮಾತೆತ್ತಿದರೆ ಕಾಕಾ, “ಹತ್ತಿಮತ್ತೂರಿನ ಋಣ ಇತ್ತು, ಲಗ್ನ ಆತು,” ಎಂದು ಮುಗಿಸುತ್ತಿದ್ದರು. ನಮ್ಮ ಕಡೆ ಎಲ್ಲರೂ ಹಾಗೇ ಅನ್ನುತ್ತಾರೆ, ನಿಜ. ಆದರೆ ಕಾಕುವಿಗೆ ಇಡೀ ಜೀವಮಾನದಲ್ಲಿ ಒಮ್ಮೆಯಾದರೂ ‘ನೀ ಬೇಕಂತ ಮಾಡಿಕೊಂಡೆ’ ಎಂದು ಕೇಳುವ ಆಸೆ. ಮಳೆ ಆಯಿತು, ನೆಗಡಿ ಆಯಿತು ಎನ್ನುವ ಸಾಲಿನಲ್ಲಿ ತಾನೂ ಸೇರಿಹೋದೆ ಎಂಬುದು ಅವಳ ನೋವು.

ಹೋದ ವರ್ಷ ಬಂಕಾಪುರದಲ್ಲಿ ನನ್ನ ತಂಗಿಯ ಮಗಳ ಮದುವೆ. ಅಕ್ಕಿಕಾಳು ಬಿದ್ದ ಮೇಲೆ ಹೆಂಗಸರು ಒಡಪು ಹೇಳಿಸಲು ಶುರು ಮಾಡಿದರು. ಗಂಡ ಹೆಂಡತಿಯ ಹೆಸರನ್ನು, ಹೆಂಡತಿ ಗಂಡನ ಹೆಸರನ್ನು ಪ್ರಾಸ ಕಟ್ಟಿ ಹೇಳಬೇಕು. ಹೊಸ ಜೋಡಿ ನಾಚಿ ನಾಚಿ ಹೇಳಿ ಮುಗಿಸಿತು. ಆಮೇಲೆ ಮದುಮಗಳು ಕಾಕಾನ ಕೈ ಹಿಡಿದಳು. “ಅಜ್ಜಾ, ಈಗ ನೀವು ಅಜ್ಜಿ ಹೆಸರ ಹೇಳ್ರಿ.”

ಕಾಕಾ ಎಂದಿನಂತೆ, “ಬರದಿಲ್ಲವ್ವಾ,” ಎಂದು ಜಾರಿಕೊಂಡರು.

“ಬಿಡ್ರೇ ಅವರನ್ನ,” ಎಂದಳು ಕಾಕು. “ಹೆಸರ ಹಿಡದು ಹೇಳಾಕ ನಾ ಏನ ಬೇಕಾಗಿ ಬಂದಾಕಿ ಅಲ್ಲ.”

ಸುತ್ತಲಿದ್ದವರು ನಕ್ಕರು. ಕಾಕಾ ನಗಲಿಲ್ಲ. ಅವಳ ಮುಖವನ್ನೇ ನೋಡುತ್ತ ಕುಳಿತರು. ಆಮೇಲೆ ಟೊಪ್ಪಿಗೆ ಸರಿಮಾಡಿಕೊಂಡು ಎದ್ದು ನಿಂತರು.

“ಸವಣೂರ ಎಲಿಬಳ್ಳಿ ಹಬ್ಬತೈತಿ ಹಂದರ ಹಾಕಿದಾಗ,
ಬ್ಯಾರೆ ಹುಡಿಗಿ ಒಲ್ಲೆ ಅಂದೆ ಅಪ್ಪ ಬಡಿಗಿ ಎತ್ತಿದಾಗ,
ಬ್ರಹ್ಮ ಬರದದ್ದಲ್ಲ, ನಾನಽ ಬೇಡಿ ಮಾಡಿಕೊಂಡೇನಿ…” ಎಂದವರೇ ಕಾಕುವಿನ ಹೆಸರನ್ನು ಇಡೀ ಮಂಟಪಕ್ಕೆ ಕೇಳುವಂತೆ ಹೇಳಿದರು.

ಹೆಂಗಸರೆಲ್ಲ ಹೋ ಎಂದರು. ಕಾಕು ಮಾತ್ರ ಗರಬಡಿದವಳಂತೆ ನಿಂತಿದ್ದಳು.

ಊಟದ ಪಂಕ್ತಿಯಲ್ಲಿ ನಾನು ಅವರಿಬ್ಬರ ಪಕ್ಕದಲ್ಲೇ ಇದ್ದೆ. ಅವಳು ಮೆಲ್ಲಗೆ ಕೇಳಿದಳು: “ಖರೇನಽ?”

“ಖರೇನಽ. ನಿಮ್ಮೂರಾಗ ಗೆಳೆಯನ ಲಗ್ನದಾಗ ನಿನ್ನ ನೋಡಿದ್ದೆ. ಅಪ್ಪ ಒಪ್ಪಲಿಲ್ಲ, ಹಟ ಹಿಡದೆ.”

“ಇಷ್ಟು ವರ್ಷ ಯಾಕ ಹೇಳಲಿಲ್ಲ?”

ಕಾಕಾ ಎಲೆಯ ಮೇಲಿನ ಅನ್ನ ಕಲಸುತ್ತಲೇ ಇದ್ದರು. “ತವರಮನ್ಯಾಗ ಆರಾಮ ಇದ್ದಾಕಿ ನೀ. ನಮ್ಮ ಹಿಂಡ ಮಂದಿಗೆ ರೊಟ್ಟಿ ಬಡದು ಬಡದು ನಿನ್ನ ಕೈ ಸವದ್ವು. ನಾನಽ ಆರಿಸಿ ತಂದೆ ಅಂದ್ರ ಆ ತ್ರಾಸೆಲ್ಲ ನಾ ಕೊಟ್ಟಂಗ ಆಗತಿತ್ತು. ಅದಕ್ಕ ಬ್ರಹ್ಮನ ಮ್ಯಾಲ ಹಾಕಿಬಿಟ್ಟೆ.”

ಅಲ್ಲಿಯವರೆಗೆ ನಾನು ನಕ್ಕಿದ್ದ ಕಾಕಾನ ವೇದಾಂತದೊಳಗೆ ಇಷ್ಟು ದೊಡ್ಡ ಅಂಜಿಕೆ ಕುಳಿತಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಕಾಕು ತನ್ನ ಎಲೆಯ ಹೋಳಿಗೆಯನ್ನು ಎತ್ತಿ ಅವರ ಎಲೆಗೆ ಹಾಕಿದಳು.

“ಎಲ್ಲಾ ನೀವಽ ಹೊತ್ತಗೊಂಡ್ರ ಹೆಂಗ್ರಿ? ನನ್ನೂ ನಮ್ಮಪ್ಪ ಕೇಳಿದ್ದ. ಒಲ್ಲೆ ಅನ್ನಬಹುದಿತ್ತು. ನಾ ಅನ್ನಲಿಲ್ಲ.”